ಹಿಂದಿನ ಕೆಂಪು ದೀಪ

ಡಿಸೆಂಬರ್ ತಿಂಗಳು. ತಿಕೋಟಾ ಹತ್ತಿರದ ಒಂದು ದ್ರಾಕ್ಷಿ ತೋಟ. ಹೆಣ್ಣುಮಕ್ಕಳು ಬೆಳಗಿನಿಂದ ಗೊನೆಯಲ್ಲಿ ಹೆಚ್ಚಾದ ಕಾಯಿ ತೆಗೆದು ದಣಿದಿದ್ದರು. ಕತ್ತು ನೋಯುತ್ತಿತ್ತು. ಬುತ್ತಿ ಗಂಟು ಖಾಲಿಯಾಗಿತ್ತು. ಬಬಲೇಶ್ವರ ಕಡೆಯ ತಮ್ಮ ಊರಿಗೆ ಹೋಗಲು ಬಾಡಿಗೆ ಜೀಪು ಬಂದು ನಿಂತಿತು. ಅದು ಹಳೆಯ ಜೀಪು. ಹೊತ್ತು ಮುಳುಗಲು ಇನ್ನೂ ಅರ್ಧ ತಾಸು ಇತ್ತು.

"ಲಗೂನ ಹತ್ತರ್ಯವ್ವಾ. ಕತ್ತಲಾಗತೈತಿ" ಎಂದ ಡ್ರೈವರ್.

ಎಲ್ಲರೂ ಹತ್ತಿದರು. ಒಬ್ಬಾಕೆ ಮಾತ್ರ ಹತ್ತಲಿಲ್ಲ. ಆಕೆ ರಾತ್ರಿ ಸಾಕ್ಷರತಾ ತರಗತಿಗೆ ಹೋಗುವಾಕೆ. ಆಕೆ ಜೀಪಿನ ಹಿಂದೆ ಹೋಗಿ, ಸ್ವಲ್ಪ ಬದಿಗೆ ನಿಂತಳು.

"ಅಣ್ಣಾ, ಒಂದ ಸಲ ಬ್ರೇಕ್ ತುಳೀರಿ."

"ಯಾಕ್ರೀ ಅಕ್ಕಾರ?"

"ಹಿಂದಿನ ಲೈಟ್ ನೋಡತೀನಿ."

ಡ್ರೈವರ್ ನಕ್ಕ. ಲೈಟಿನ ಸ್ವಿಚ್ ಹಾಕಿದ. ಹಿಂದೆ ಎರಡೂ ಕೆಂಪು ದೀಪ ಹತ್ತಿದವು.

"ನೋಡ್ರಿ, ಹತ್ತ್ಯಾವ. ಇನ್ನೇನ ಬೇಕು?"

"ಅವು ರಾತ್ರಿ ದೀಪ ಅಣ್ಣಾ. ಬ್ರೇಕ್ ತುಳಿದ್ರ ಅವು ಇನ್ನೂ ಜೋರ ಆಗಬೇಕು."

ಡ್ರೈವರ್ ಬ್ರೇಕ್ ತುಳಿದ. ದೀಪ ಜೋರಾಗಲಿಲ್ಲ. ಇದ್ದಷ್ಟೇ ಇದ್ದವು.

"ನಾ ಇಪ್ಪತ್ತು ವರ್ಷ ಆತು ಗಾಡಿ ಹೊಡಿಯಾಕ ಹತ್ತಿ. ಮುಂದ ನೋಡ್ಕೊಂಡು ಹೊಡಿತೀನಿ. ಅಂಜಬ್ಯಾಡ್ರಿ" ಎಂದ.

"ನೀವು ಮುಂದ ನೋಡತೀರಿ, ಖರೆ. ಹಿಂದ ಬರಾಂವಗ ನೀವು ಬ್ರೇಕ್ ಹಾಕಿದ್ದು ಹ್ಯಾಂಗ ತಿಳೀಬೇಕು? ಹಿಂದ ಕುಂಡ್ರಾವರು ನಾವರೀ."

ಜೀಪಿನ ಒಳಗಿದ್ದ ಹಿರಿಯಾಕೆ ಮಾತು ಕೂಡಿಸಿದಳು. "ಆಕಿ ಹೇಳೂದು ಖರೆ ಐತಿ. ಮೊನ್ನಿ ಎಮ್ಮಿ ಅಡ್ಡ ಬಂದಾಗ ಏನಾತು? ಹಿಂದಿನ ಸೈಕಲ್ ಮೋಟಾರದಾಂವ ನಮ್ಮ ಕಾಲ ಮ್ಯಾಲೆ ಬೀಳಾಂವ ಇದ್ದ."

ಡ್ರೈವರ್ ಸುಮ್ಮನಾದ. ಅದು ಅವನಿಗೂ ನೆನಪಿತ್ತು. "ನಡೀರಿ. ಬೆಳಕ ಇರೂದ್ರಾಗ ತಿಕೋಟಾದಾಗ ಮಿಸ್ತ್ರಿಗೆ ತೋರಿಸಿ ಹೋಗೂಣು" ಎಂದ.

ಈ ದೀಪ ಯಾಕೆ ಬೇಕು?

ಗಾಡಿಯ ಹಿಂದೆ ಕೆಂಪು ದೀಪ ಎರಡು ಕೆಲಸ ಮಾಡುತ್ತದೆ.

ಒಂದು, ಕತ್ತಲಲ್ಲಿ "ಇಲ್ಲಿ ಗಾಡಿ ಇದೆ" ಎಂದು ಹೇಳುತ್ತದೆ. ಇದು ರಾತ್ರಿ ದೀಪ. ಇದು ಸಣ್ಣಗೆ ಉರಿಯುತ್ತದೆ.

ಎರಡು, "ಈ ಗಾಡಿ ನಿಲ್ಲುತ್ತಿದೆ, ನೀನೂ ನಿಲ್ಲು" ಎಂದು ಹೇಳುತ್ತದೆ. ಇದು ಬ್ರೇಕ್ ದೀಪ. ಇದು ಜೋರಾಗಿ ಉರಿಯುತ್ತದೆ. ಬ್ರೇಕ್ ತುಳಿದಾಗ ಮಾತ್ರ ಹತ್ತುತ್ತದೆ. ಹಗಲಿನಲ್ಲೂ ಹತ್ತಬೇಕು.

ಒಂದು ಲೆಕ್ಕ ನೋಡೋಣ. ಗಾಡಿ ತಾಸಿಗೆ 50 ಕಿಲೋಮೀಟರ್ ಓಡುತ್ತಿದೆ ಅಂದುಕೊಳ್ಳಿ. ಆಗ ಅದು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಮುಂದೆ ಹೋಗುತ್ತದೆ. ಆರು ಗಜದ ಸೀರೆಗಳನ್ನು ನೆಲದ ಮೇಲೆ ಒಂದರ ಮುಂದೆ ಒಂದು ಹಾಸಿರಿ. ಎರಡೂವರೆ ಸೀರೆಯ ಉದ್ದ ಆಗುತ್ತದೆ. "ಒಂದು" ಎಂದು ಎಣಿಸುವುದರೊಳಗೆ ಗಾಡಿ ಅಷ್ಟು ದೂರ ಹೋಗಿರುತ್ತದೆ.

ಮುಂದಿನ ಗಾಡಿಯ ಕೆಂಪು ದೀಪ ಕಂಡ ಕೂಡಲೆ ಹಿಂದಿನವನ ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ದೀಪ ಹತ್ತದಿದ್ದರೆ ಅವನಿಗೆ ತಡವಾಗಿ ಗೊತ್ತಾಗುತ್ತದೆ. ಆ ತಡ ಒಂದು ಸೆಕೆಂಡು ಆದರೂ ಸಾಕು. ಎರಡೂವರೆ ಸೀರೆಯಷ್ಟು ದೂರ ಕಳೆದುಹೋಗುತ್ತದೆ. ಆ ದೂರದಲ್ಲಿಯೇ ಜೀವ ಇರುತ್ತದೆ.

ವಿಜಯಪುರ ಶಹರದಲ್ಲಿ ಬಸ್ಸು, ಆಟೊ, ಟಾಂಗಾ ಒಂದರ ಬೆನ್ನಿಗೆ ಒಂದು ಹೋಗುತ್ತವೆ. ಹಳ್ಳಿಯ ರಸ್ತೆಯಲ್ಲಿ ದನ, ಕುರಿ ಅಡ್ಡ ಬರುತ್ತವೆ. ಎಲ್ಲಿಯೇ ಆಗಲಿ, ಗಾಡಿ ಒಮ್ಮೆಲೆ ನಿಲ್ಲಬೇಕಾಗುತ್ತದೆ.

ಕರೆಂಟಿನ ದಾರಿ

ತಿಕೋಟಾದ ಮಿಸ್ತ್ರಿ ಗಾಡಿಗಳ ವಾಯರಿಂಗ್ ಕೆಲಸ ಮಾಡುವವನು. ಹೆಣ್ಣುಮಕ್ಕಳು ಜೀಪಿನ ಸುತ್ತ ನಿಂತರು. ಮಿಸ್ತ್ರಿ ಹೇಳಿದ:

"ನೀರು ಬಾವಿಯಿಂದ ಹೊಲಕ್ಕ ಕಾಲುವಿ ಹಿಡಿದು ಹೋಗತೈತಲ್ಲ, ಹಂಗ ಕರೆಂಟೂ ದಾರಿ ಹಿಡಿದು ಹೋಗತೈತಿ. ಆದ್ರ ಒಂದು ಫರಕ ಐತಿ. ನೀರು ಹೊಲದಾಗ ಇಂಗತೈತಿ. ಕರೆಂಟು ಹೋದಲ್ಲಿಂದ ತಿರುಗಿ ಮನಿಗೆ ಬರಬೇಕು. ಬರೂ ದಾರಿ ಕಡಿದ್ರೂ ದೀಪ ಹತ್ತೂದಿಲ್ಲ."

ಬ್ರೇಕ್ ದೀಪದ ಕರೆಂಟು ಹೋಗುವ ದಾರಿ ಹೀಗಿದೆ:

1. ಬ್ಯಾಟರಿ. ಇದು ಕರೆಂಟಿನ ಮನೆ. ಜೀಪಿನ ಬ್ಯಾಟರಿ 12 ವೋಲ್ಟಿನದು.

2. ಫ್ಯೂಜು. ಇದು ಕಾವಲುಗಾರ. ಕರೆಂಟು ಮಿತಿ ಮೀರಿ ಹರಿದರೆ ತಾನು ಸುಟ್ಟು ಗಾಡಿಯನ್ನು ಉಳಿಸುತ್ತದೆ.

3. ಬ್ರೇಕ್ ಸ್ವಿಚ್. ಇದು ಬಾಗಿಲು. ಬ್ರೇಕ್ ತುಳಿದಾಗ ಕರೆಂಟಿಗೆ ದಾರಿ ಬಿಡುತ್ತದೆ. ಕಾಲು ತೆಗೆದಾಗ ದಾರಿ ಮುಚ್ಚುತ್ತದೆ.

4. ವಾಯರ್. ಗಾಡಿಯ ಮುಂದಿನಿಂದ ಹಿಂದಿನವರೆಗೆ ಹೋಗುತ್ತದೆ.

5. ಬಲ್ಬು ಮತ್ತು ಅದರ ಹೋಲ್ಡರ್.

6. ಗಾಡಿಯ ಕಬ್ಬಿಣ. ಕರೆಂಟು ತಿರುಗಿ ಬ್ಯಾಟರಿಗೆ ಬರುವ ದಾರಿ ಇದೇ. ಇದಕ್ಕೆ ಅರ್ಥ್ ಎನ್ನುತ್ತಾರೆ.

ಈ ಆರರಲ್ಲಿ ಒಂದು ಕಡೆ ಕಡಿದರೂ ದೀಪ ಹತ್ತುವುದಿಲ್ಲ. ಹಾಗಾದರೆ ಎಲ್ಲಿ ಕಡಿದಿದೆ? ದಾರಿಯಲ್ಲಿ ಒಂದೊಂದೇ ಹೆಜ್ಜೆ ಹುಡುಕಬೇಕು. ಎಲ್ಲವನ್ನೂ ಒಮ್ಮೆಲೆ ಬಿಚ್ಚಬಾರದು.

ಹಳೆಯ ಗಾಡಿಗೆ ಯಾಕೆ ಹೆಚ್ಚು ತೊಂದರೆ?

ನಮ್ಮ ಕಡೆ ಬ್ಯಾಸಿಗಿ ಬಿಸಿಲು ಜೋರು. ವಾಯರಿನ ಮೇಲಿನ ಹೊದಿಕೆ ಒಣಗಿ ಸೀಳುತ್ತದೆ. ರಸ್ತೆಯ ಕುಲುಕಾಟಕ್ಕೆ ವಾಯರ್ ಕಬ್ಬಿಣಕ್ಕೆ ತಿಕ್ಕಿ ಸವೆಯುತ್ತದೆ. ಮಳೆ ನೀರಿಗೆ ಹೋಲ್ಡರ್ ತುಕ್ಕು ಹಿಡಿಯುತ್ತದೆ. ಎರಿ ಮಣ್ಣಿನ ಕೆಸರು ದೀಪದ ಮೇಲೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಆಗ ಒಳಗೆ ದೀಪ ಹತ್ತಿದರೂ ಹೊರಗೆ ಕಾಣುವುದಿಲ್ಲ. ಆದ್ದರಿಂದ ಮೊದಲು ಮಾಡುವ ಕೆಲಸ ಒಂದೇ. ಒದ್ದೆ ಅರಿವೆ ತೆಗೆದುಕೊಂಡು ದೀಪದ ಕೆಂಪು ಮುಚ್ಚಳ ಒರೆಸಬೇಕು.

ಒಂದೇ ಬಲ್ಬು, ಎರಡು ಎಳೆ

ಮಿಸ್ತ್ರಿ ದೀಪದ ಮುಚ್ಚಳ ಬಿಚ್ಚಿದ. ಬಲ್ಬನ್ನು ಮೆಲ್ಲಗೆ ಒತ್ತಿ, ತಿರುಗಿಸಿ ಹೊರಗೆ ತೆಗೆದ. ಬೆಳಕಿಗೆ ಹಿಡಿದು ತೋರಿಸಿದ.

ಬಲ್ಬಿನ ಒಳಗೆ ಕೂದಲಿನಂಥ ಎರಡು ಎಳೆ ಇರುತ್ತವೆ. ಒಂದು 5 ವ್ಯಾಟಿನದು. ಅದು ರಾತ್ರಿ ದೀಪದ ಎಳೆ. ಇನ್ನೊಂದು 21 ವ್ಯಾಟಿನದು. ಅದು ಬ್ರೇಕ್ ದೀಪದ ಎಳೆ. ಒಂದು ಎಳೆ ಕಡಿದರೂ ಇನ್ನೊಂದು ಹತ್ತುತ್ತದೆ. ಆದ್ದರಿಂದ ರಾತ್ರಿ ದೀಪ ಹತ್ತಿದೆ ಎಂದು ಬ್ರೇಕ್ ದೀಪವೂ ಸರಿ ಇದೆ ಎಂದು ತಿಳಿಯಬಾರದು. ಆ ಡ್ರೈವರ್ ಮೋಸ ಹೋದದ್ದು ಇಲ್ಲಿಯೇ. ಎಷ್ಟೋ ಡ್ರೈವರುಗಳು ಮೋಸ ಹೋಗುವುದೂ ಇಲ್ಲಿಯೇ.

ಈ ಬಲ್ಬಿನ ಬುಡದಲ್ಲಿ ಎರಡು ಸಣ್ಣ ಮೊಳೆ ಇರುತ್ತವೆ. ಒಂದು ಮೇಲೆ, ಒಂದು ಕೆಳಗೆ. ಅದಕ್ಕೆ ಬಲ್ಬು ಒಂದೇ ರೀತಿಯಲ್ಲಿ ಕೂಡುತ್ತದೆ. ಕೂಡದಿದ್ದರೆ ಒತ್ತಾಯ ಮಾಡಬೇಡಿ. ತಿರುಗಿಸಿ ಹಾಕಿರಿ.

ಲಕ್ಷಣ ನೋಡಿ ರೋಗ ತಿಳಿಯಿರಿ

ಜ್ವರ ಬಂದರೆ ಮೈ ಮುಟ್ಟಿ ನೋಡುತ್ತೇವೆ. ಗಾಡಿಗೂ ಹಾಗೆಯೇ. ದೀಪ ಹೇಗೆ ಉರಿಯುತ್ತದೆ ಎಂಬುದನ್ನು ನೋಡಿದರೆ ಅರ್ಧ ತಿಳಿಯುತ್ತದೆ.

ಒಂದೇ ಬದಿ ಹತ್ತುವುದಿಲ್ಲ: ಫ್ಯೂಜು, ಸ್ವಿಚ್ ಸರಿ ಇವೆ. ಯಾಕೆಂದರೆ ಇನ್ನೊಂದು ಬದಿಗೆ ಕರೆಂಟು ಬಂದಿದೆ. ಹತ್ತದ ಬದಿಯ ಬಲ್ಬು ನೋಡಿ. ಹೋಲ್ಡರಿನ ತುಕ್ಕು ನೋಡಿ. ಆ ಬದಿಯ ವಾಯರ್ ನೋಡಿ.

ಎರಡೂ ಬದಿ ಹತ್ತುವುದಿಲ್ಲ: ಎರಡು ಬಲ್ಬು ಒಂದೇ ದಿನ ಹೋಗುವುದು ಕಡಿಮೆ. ಮೊದಲು ಫ್ಯೂಜು ನೋಡಿ. ಆಮೇಲೆ ಬ್ರೇಕ್ ಸ್ವಿಚ್. ಆಮೇಲೆ ಹಿಂದೆ ಹೋಗುವ ವಾಯರ್.

ಬ್ರೇಕ್ ತುಳಿಯದಿದ್ದರೂ ದೀಪ ಹತ್ತಿಯೇ ಇರುತ್ತದೆ: ಸ್ವಿಚ್ ಸಿಕ್ಕಿಕೊಂಡಿದೆ, ಅಥವಾ ಪೆಡಲ್ ಪೂರ್ತಿ ಮೇಲೆ ಬಂದಿಲ್ಲ. ಇದೂ ಅಪಾಯವೇ. ಯಾವಾಗ ನಿಲ್ಲುತ್ತೀರಿ ಎಂದು ಹಿಂದಿನವನಿಗೆ ತಿಳಿಯುವುದಿಲ್ಲ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ.

ದೀಪ ಮಂದವಾಗಿದೆ, ಅಥವಾ ಬ್ರೇಕ್ ತುಳಿದರೆ ಬೇರೆ ದೀಪವೂ ಮಿಣುಕುತ್ತದೆ: ಇದು ಅರ್ಥಿನ ದೋಷ. ಕರೆಂಟಿಗೆ ತಿರುಗಿ ಬರುವ ದಾರಿ ಸಿಗುತ್ತಿಲ್ಲ. ಅದಕ್ಕೆ ಬೇರೆ ದೀಪದ ಓಣಿ ಹಿಡಿದು ಬರುತ್ತದೆ. ಅರ್ಥಿನ ಸ್ಕ್ರೂ ಬಿಚ್ಚಿ, ತುಕ್ಕು ಮತ್ತು ಬಣ್ಣವನ್ನು ಪಾಲಿಶ್ ಪೇಪರಿನಿಂದ ತಿಕ್ಕಿ, ಕಬ್ಬಿಣ ಹೊಳೆಯುವಂತೆ ಮಾಡಬೇಕು. ತಿರುಗಿ ಬಿಗಿ ಮಾಡಬೇಕು.

ಹೊಸ ಫ್ಯೂಜು ಹಾಕಿದ ಕೂಡಲೆ ಸುಡುತ್ತದೆ: ಎಲ್ಲಿಯೋ ವಾಯರ್ ಸುಲಿದು ಕಬ್ಬಿಣಕ್ಕೆ ತಾಗಿದೆ. ಆ ಜಾಗ ಹುಡುಕಿ ಸರಿಮಾಡುವವರೆಗೆ ಫ್ಯೂಜು ನಿಲ್ಲುವುದಿಲ್ಲ.

ಮಿಸ್ತ್ರಿ ಹೇಗೆ ಹುಡುಕಿದ?

ಮಿಸ್ತ್ರಿಯ ಕೈಯಲ್ಲಿ ಒಂದು ಸಣ್ಣ ಸಾಧನ ಇತ್ತು. ಅದು 12 ವೋಲ್ಟಿನ ಒಂದು ಬಲ್ಬು, ಅದಕ್ಕೆ ಎರಡು ವಾಯರ್. ಇಷ್ಟೇ. ಒಂದು ತುದಿಯನ್ನು ಗಾಡಿಯ ಹೊಳೆಯುವ ಕಬ್ಬಿಣಕ್ಕೆ ಸಿಕ್ಕಿಸಬೇಕು. ಇನ್ನೊಂದು ತುದಿಯನ್ನು ದಾರಿಯ ಒಂದೊಂದೇ ಜಾಗಕ್ಕೆ ಮುಟ್ಟಿಸಬೇಕು. ಬಲ್ಬು ಹತ್ತಿದರೆ ಕರೆಂಟು ಅಲ್ಲಿಯವರೆಗೆ ಬಂದಿದೆ. ಹತ್ತದಿದ್ದರೆ ಅದಕ್ಕಿಂತ ಮೊದಲು ಎಲ್ಲಿಯೋ ಕಡಿದಿದೆ. ಕೆಲವು ಗಾಡಿಗಳಲ್ಲಿ ಚಾವಿ ತಿರುಗಿಸಿದರೆ ಮಾತ್ರ ಬ್ರೇಕ್ ದೀಪಕ್ಕೆ ಕರೆಂಟು ಬರುತ್ತದೆ. ಅದಕ್ಕೆ ಪರೀಕ್ಷೆ ಮಾಡುವಾಗ ಚಾವಿ ತಿರುಗಿಸಿ ಇಡಬೇಕು. ಎಂಜಿನ್ ಚಾಲೂ ಇರಬಾರದು.

ಮಿಸ್ತ್ರಿ ಮೊದಲು ಫ್ಯೂಜಿನ ಎರಡೂ ತುದಿಗೆ ಮುಟ್ಟಿಸಿದ. ಎರಡೂ ಕಡೆ ಬಲ್ಬು ಹತ್ತಿತು. ಫ್ಯೂಜು ಸರಿ ಇದೆ.

ಆಮೇಲೆ ಬ್ರೇಕ್ ಸ್ವಿಚ್. ಈ ಜೀಪಿನಲ್ಲಿ ಅದು ಪೆಡಲಿನ ಹತ್ತಿರ ಇತ್ತು. ಅದಕ್ಕೆ ಎರಡು ವಾಯರ್. ಒಂದರಿಂದ ಕರೆಂಟು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ. ಬರುವ ವಾಯರಿಗೆ ಮುಟ್ಟಿಸಿದ. ಬಲ್ಬು ಹತ್ತಿತು. ಹೋಗುವ ವಾಯರಿಗೆ ಮುಟ್ಟಿಸಿ "ಬ್ರೇಕ್ ತುಳಿ" ಎಂದ. ಡ್ರೈವರ್ ತುಳಿದ. ಬಲ್ಬು ಹತ್ತಲಿಲ್ಲ.

"ಬಾಗಿಲಾ ತೆರೀವಲ್ದು" ಎಂದಳು ಸಾಕ್ಷರತಾ ತರಗತಿಯಾಕೆ.

"ಬರೋಬ್ಬರಿ ಹೇಳಿದ್ರಿ" ಎಂದ ಮಿಸ್ತ್ರಿ.

ಅವನು ಸ್ವಿಚ್ಚಿನ ಎರಡೂ ವಾಯರ್ ತೆಗೆದು ಒಂದಕ್ಕೊಂದು ಕೂಡಿಸಿದ. ಎಲ್ಲರೂ ಹಿಂದೆ ಓಡಿದರು. ಬಲಗಡೆಯ ದೀಪ ಜೋರಾಗಿ ಹತ್ತಿತ್ತು. ಎಡಗಡೆಯದು ಹತ್ತಿರಲಿಲ್ಲ. ಎಡಗಡೆಯ ಬಲ್ಬು ತೆಗೆದು ನೋಡಿದರೆ ಅದರ ದೊಡ್ಡ ಎಳೆ ಕಡಿದಿತ್ತು.

ಅಂದರೆ ದೋಷ ಎರಡು. ಎಡಗಡೆಯ ಬಲ್ಬು ಎಂದೋ ಹೋಗಿತ್ತು. ಯಾರೂ ನೋಡಿರಲಿಲ್ಲ. ಆಮೇಲೆ ಸ್ವಿಚ್ಚೂ ಹೋಯಿತು. ಹಳೆಯ ಗಾಡಿಯಲ್ಲಿ ಹೀಗೆ ಆಗುತ್ತದೆ. ಒಂದು ದೋಷದ ಹಿಂದೆ ಇನ್ನೊಂದು ಅಡಗಿರುತ್ತದೆ. ಒಂದನ್ನು ಸರಿಮಾಡಿದ ಮೇಲೆ ತಿರುಗಿ ಎರಡೂ ಬದಿ ನೋಡಲೇಬೇಕು.

ಮಿಸ್ತ್ರಿ ಹೊಸ ಸ್ವಿಚ್ ಕೂಡಿಸಿದ. ಹೊಸ ಬಲ್ಬು ಹಾಕಿದ. ಅರ್ಧ ತಾಸಿನ ಕೆಲಸ. ಡ್ರೈವರ್ ಬ್ರೇಕ್ ತುಳಿದ. ಎರಡೂ ದೀಪ ಕೆಂಡದ ಹಾಗೆ ಹತ್ತಿದವು. ಕಾಲು ತೆಗೆದ. ಎರಡೂ ಆರಿದವು.

"ಇನ್ನ ಹತ್ತರ್ಯವ್ವಾ" ಎಂದಳು ಹಿರಿಯಾಕೆ.

ಊರು ಮುಟ್ಟುವಾಗ ಕತ್ತಲಾಗಿತ್ತು. ಒಬ್ಬಾಕೆಯ ಮನೆಯಲ್ಲಿ ಮಕ್ಕಳು ಬಾಗಿಲಲ್ಲಿ ಕಾಯುತ್ತ ಕೂತಿದ್ದವು. "ಯಾಕ ತಡಾ ಆತಬೇ?" ಎಂದು ಕೇಳಿದವು. "ತಡಾ ಆತು, ಆದ್ರ ಬಂದೀನಲ್ಲ" ಎಂದಳು ತಾಯಿ.

ಇವನ್ನು ಮಾಡಬೇಡಿ

ಫ್ಯೂಜಿನ ಜಾಗದಲ್ಲಿ ತಂತಿ, ಮೊಳೆ, ಬೆಳ್ಳಿ ಕಾಗದ ಹಾಕಬೇಡಿ. 12 ವೋಲ್ಟಿನ ಕರೆಂಟು ಮನೆಯ 230 ವೋಲ್ಟಿನ ಕರೆಂಟಿನಂತೆ ಮನುಷ್ಯನನ್ನು ಹೊಡೆಯುವುದಿಲ್ಲ. ಆದರೆ ಅದು ತಪ್ಪು ದಾರಿ ಹಿಡಿದರೆ ವಾಯರ್ ಕಾಯ್ದು ಗಾಡಿಗೆ ಬೆಂಕಿ ಹತ್ತಬಹುದು. ಎಷ್ಟು ಶಕ್ತಿಯ ಫ್ಯೂಜು ಇತ್ತೋ ಅಷ್ಟೇ ಶಕ್ತಿಯದನ್ನು ಹಾಕಬೇಕು.

ಕೆಲವು ಹಳೆಯ ಜೀಪುಗಳಲ್ಲಿ ಬ್ರೇಕ್ ಸ್ವಿಚ್ ಬ್ರೇಕ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಅದನ್ನು ಗೊತ್ತಿಲ್ಲದವರು ಬಿಚ್ಚಬಾರದು. ಎಣ್ಣೆ ಸೋರಿ, ಗಾಳಿ ಹೊಕ್ಕರೆ ಬ್ರೇಕೇ ಹಿಡಿಯುವುದಿಲ್ಲ.

ಆಗಷ್ಟೇ ಉರಿದ ಬಲ್ಬನ್ನು ಬರಿಗೈಯಿಂದ ಮುಟ್ಟಬೇಡಿ. ಕೈ ಸುಡುತ್ತದೆ.

ಗಾಡಿಯ ನೇರ ಹಿಂದೆ ನಿಂತು ನೋಡಬೇಡಿ. ಗಾಡಿಯನ್ನು ರಸ್ತೆ ಬಿಟ್ಟು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಬದಿಗೆ ನಿಂತು ನೋಡಿ.

ಮತ್ತೊಂದು ಮಾತು. ಬ್ರೇಕ್ ದೀಪ ಹತ್ತಿತು ಎಂದರೆ ಬ್ರೇಕ್ ಗಟ್ಟಿ ಇದೆ ಎಂದಲ್ಲ. ಬ್ರೇಕನ್ನು ಬೇರೆಯೇ ನೋಡಿಸಬೇಕು.

ಟ್ರ್ಯಾಕ್ಟರ್ ಟ್ರೇಲರಿನ ಮಾತು

ಕಬ್ಬಿನ ಹಂಗಾಮಿನಲ್ಲಿ ಟ್ರೇಲರುಗಳು ರಾತ್ರಿಯೂ ಓಡುತ್ತವೆ. ಟ್ರ್ಯಾಕ್ಟರಿನ ಹಿಂದಿನ ದೀಪವನ್ನು ಟ್ರೇಲರ್ ಮುಚ್ಚುತ್ತದೆ. ಅದಕ್ಕೆ ಟ್ರೇಲರಿಗೇ ಬೇರೆ ದೀಪ ಬೇಕು. ಅದರ ವಾಯರನ್ನು ಟ್ರ್ಯಾಕ್ಟರಿಗೆ ಕೂಡಿಸುವ ಪ್ಲಗ್ ಸಡಿಲವಾದರೆ ದೀಪ ಆರುತ್ತದೆ. ಟ್ರೇಲರ್ ಹಿಂದೆ, ಚಕ್ಕಡಿ ಹಿಂದೆ ಹೊಳೆಯುವ ಕೆಂಪು ಪಟ್ಟಿ ಹಚ್ಚಿರಬೇಕು. ಈ ಪಟ್ಟಿಗೆ ಕರೆಂಟು ಬೇಡ. ಹಿಂದಿನ ಗಾಡಿಯ ಬೆಳಕು ಬಿದ್ದರೆ ಸಾಕು, ಹೊಳೆಯುತ್ತದೆ.

ಕೇಳುವುದು ನಮ್ಮ ಹಕ್ಕು

"ನಿಮಗ್ಯಾಕ ಬೇಕವ್ವಾ ಗಾಡಿ ವಿಚಾರ?" ಎಂದು ಕೆಲವರು ಕೇಳಬಹುದು. ಗಾಡಿ ಅವರದು ಇರಬಹುದು. ಒಳಗೆ ಕೂತ ಜೀವ ನಮ್ಮದು.

ಕಾನೂನೂ ನಮ್ಮ ಕಡೆ ಇದೆ. 1988ರಲ್ಲಿ ಮೋಟಾರು ವಾಹನ ಕಾಯ್ದೆ ಆಯಿತು. 1989ರಲ್ಲಿ ಅದರ ನಿಯಮಗಳು ಬಂದವು. ಅವುಗಳ ಪ್ರಕಾರ ಜೀಪಿನಂಥ ಗಾಡಿಗೆ ಹಿಂದೆ ಕೆಂಪು ಬ್ರೇಕ್ ದೀಪ ಇರಲೇಬೇಕು. ಬಾಡಿಗೆಗೆ ಓಡುವ ಗಾಡಿಗೆ ಎಫ್‌ಸಿ ಇರಬೇಕು. ಎಫ್‌ಸಿ ಅಂದರೆ ಗಾಡಿ ಓಡಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ. ಅದನ್ನು ಗಾಡಿ ಪರೀಕ್ಷೆ ಮಾಡಿ ಕೊಡುತ್ತಾರೆ. ಅದರ ಮೇಲೆ ಎಂದಿನವರೆಗೆ ನಡೆಯುತ್ತದೆ ಎಂಬ ತಾರೀಖು ಇರುತ್ತದೆ. ಈಗ ನಮಗೆ ಓದಲು ಬರುತ್ತದೆ. ತಾರೀಖನ್ನು ನಾವೇ ಓದಿ ನೋಡಬಹುದು.

ಒಬ್ಬಾಕೆ ಕೇಳಿದರೆ ಡ್ರೈವರ್ ನಗಬಹುದು. ಹತ್ತು ಮಂದಿ ಕೂಡಿ ಕೇಳಿದರೆ ಗಾಡಿ ಮಿಸ್ತ್ರಿ ಹತ್ತಿರ ಹೋಗುತ್ತದೆ.

ನೆನಪಿಡಿ

• ಗಾಡಿ ಹತ್ತುವ ಮೊದಲು ಒಬ್ಬರು ಬ್ರೇಕ್ ತುಳಿಯಬೇಕು, ಒಬ್ಬರು ಹಿಂದಿನ ದೀಪ ನೋಡಬೇಕು.

• ನೋಡುವವರು ಇಲ್ಲದಿದ್ದರೆ, ಕತ್ತಲಲ್ಲಿ ಗಾಡಿಯ ಹಿಂಬದಿ ಗೋಡೆಯ ಕಡೆ ಇರುವಂತೆ ನಿಲ್ಲಿಸಬೇಕು. ಬ್ರೇಕ್ ತುಳಿದಾಗ ಗೋಡೆಯ ಮೇಲೆ ಕೆಂಪು ಬೆಳಕು ಜೋರಾಗಬೇಕು.

• ರಾತ್ರಿ ದೀಪ ಬೇರೆ, ಬ್ರೇಕ್ ದೀಪ ಬೇರೆ.

• ಒಂದು ಬದಿ ಹತ್ತದಿದ್ದರೆ ಬಲ್ಬು ನೋಡಿ. ಎರಡೂ ಬದಿ ಹತ್ತದಿದ್ದರೆ ಫ್ಯೂಜು ಮತ್ತು ಸ್ವಿಚ್ ನೋಡಿ.

• ಬ್ರೇಕ್ ದೀಪ ಇಲ್ಲದ ಗಾಡಿಯನ್ನು ಸರಿಮಾಡಿಸಿಯೇ ಹತ್ತಿರಿ.

• ಅಪಘಾತ ಆದರೆ ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಈ ಎರಡು ಅಂಕಿಗಳನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ಓದಿದಿರಿ, ಈಗ ಹೇಳಿರಿ

1. ಬ್ರೇಕ್ ದೀಪದ ಕರೆಂಟು ಹೋಗುವ ದಾರಿಯಲ್ಲಿ ಏನೇನು ಬರುತ್ತವೆ?

2. ರಾತ್ರಿ ದೀಪ ಹತ್ತಿದರೂ ಬ್ರೇಕ್ ದೀಪ ಹತ್ತದೆ ಇರಬಹುದು. ಯಾಕೆ?

3. ಫ್ಯೂಜಿನ ಜಾಗದಲ್ಲಿ ತಂತಿ ಹಾಕಿದರೆ ಏನಾಗುತ್ತದೆ?

4. ನೀವು ಕೆಲಸಕ್ಕೆ ಹೋಗುವ ಗಾಡಿಯ ಬ್ರೇಕ್ ದೀಪ ನಾಳೆ ನೋಡಿರಿ. ಎಡಗಡೆ ಹತ್ತಿತೆ? ಬಲಗಡೆ ಹತ್ತಿತೆ? ನೋಡಿದ್ದನ್ನು ನಿಮ್ಮ ಕೈಯಿಂದಲೇ ಪಾಟಿಯ ಮೇಲೆ ಬರೆಯಿರಿ.